ಸೂರು

ಓಮಾನಿನ ಈ ಊರಿಗೆ ಸೂರ್ ಅಂತ ಹೆಸರು.
ಬಂದ ದಿನ ವಾರಿಜಾಗೆ ಫೋನಿನಲ್ಲಿ ಹೇಳಿದ್ದೆ:
ಸೂರು ಸಿಕ್ಕಿತು ಮಾರಾಯ್ತಿ.
ಹಂಚಿನದಾ, ತಾರಸಿಯಾ, ಅಂದಿದ್ದಳು.
ಆರು ಜನಕ್ಕೊಂದು ಕೋಣೆ, ಮೇಲೊಂದು ಕೆಳಗೊಂದು ಮಂಚ.
ಅದನ್ನು ಹೇಳಲಿಲ್ಲ.

ಸಮುದ್ರದ ಉಪ್ಪು ಕಳೆದು ಸಿಹಿನೀರು ಮಾಡುವ
ಫ್ರೆಂಚರ ಕಂಪನಿ ನಮ್ಮದು.
ಉಪ್ಪಿನ ಉಸಾಬರಿ ಅವರಿಗೆ.
ಅವರ ವೀಸಾ, ಬತಾಕ, ಬಾಡಿಗೆ ಕರಾರು ಹಿಡಿದು
ಕಿಟಕಿಯಿಂದ ಕಿಟಕಿಗೆ ನಡೆಯುವವನು ನಾನು.

ಗಾಸ್ಪಾರ್ ಬಂದದ್ದು ಜೂನಿನ ಸೆಕೆಯಲ್ಲಿ, ಓದೀಲ್ ಜತೆ.
ಇಪ್ಪತ್ತೆರಡು ವರ್ಷ ಒಂದೇ ಮನೆ, ಒಂದಾದ ಮೇಲೊಂದು ಬೆಕ್ಕು,
ಕಾಲೇಜಿಗೆ ಹೋಗುವ ಮಗಳು.
"ಮದುವೆ ಸರ್ಟಿಫಿಕೇಟು ಕೊಡಿ ಸರ್."
"ಇಲ್ಲ."
"ಕಳೆದುಹೋಯಿತಾ?"
"ಕಳೆಯುವಂಥದ್ದು ಏನೂ ಆಗಲೇ ಇಲ್ಲ."
ಇಬ್ಬರೂ ನಗಲಿಲ್ಲ.
ತಮ್ಮ ತಮಾಷೆಗೆ ಅವರು ನಗುವುದಿಲ್ಲವೆಂದು
ಆಮೇಲೆ ತಿಳಿಯಿತು. ಕೆಳತುಟಿ ತುಸು ಮುಂದೆ,
ಹೆಗಲು ಒಂದಿಂಚು ಮೇಲೆ, ಬಾಯಿಂದ ಪುಸ್ಸಂತ ಗಾಳಿ,
ಅಷ್ಟೇ. ನಗುವುದು ನಮ್ಮ ಜವಾಬ್ದಾರಿ.

ಅವಳ ಭೇಟಿ ವೀಸಾದ ದಿನ ಮುಗಿಯುತ್ತ ಬಂತು.
ಕೌಂಟರಿನ ಹುಡುಗ ಒಳ್ಳೆಯವನು. ಖರ್ಜೂರ ಕೊಟ್ಟ, ಕಹ್ವಾ ಕೊಟ್ಟ,
ಮುದ್ರೆ ಕೊಡಲಿಲ್ಲ.

ಊರಿಗೆ ಹೋಗಿ ಮದುವೆಯಾಗಿ ಬಂದರು.
ನನ್ನ ಮೇಜಿನ ಮೇಲೆ ಕಾಗದ ಇಟ್ಟು ಓದೀಲ್ ಅಂದಳು:
"ತಗೋ, ನಮ್ಮ ಪ್ರೇಮದ ಮರಣಪತ್ರ.
ಮೂರು ಪ್ರತಿ ಸಾಕಾ?"
ಗಾಸ್ಪಾರ್ ಅಂದ: "ಅರಬ್ಬಿಗೆ ಅನುವಾದ ಮಾಡಿಸು,
ಅದರಲ್ಲಾದರೂ ಚೆಂದ ಕೇಳಿಸಲಿ."
ಕಿಟಕಿಯಾಚೆ ನೋಡುತ್ತ ಮತ್ತೆ ಅವಳು:
"ಈಗ ಇವನು ಗಂಡ. ಪ್ರಿಯಕರನ ಹುದ್ದೆ ಖಾಲಿ.
ಅದಕ್ಕೂ ಇವನೇ ಅರ್ಜಿ ಹಾಕಿದ್ದಾನೆ. ನೋಡೋಣ.
ಅನುಭವ ಇದೆ ಅನ್ನುತ್ತಾನೆ."
ನಾನು ಫೈಲಿನೊಳಗೆ ಮುಖ ಹಾಕಿದೆ.

ಒಂದು ಸಂಜೆ, ಮರದ ಹಡಗು ಕಟ್ಟುವ ಅಂಗಳದ ಬಳಿ,
ಮಲಯಾಳಿ ಬಡಗಿಗಳು ಹಲಗೆಗೆ ಎಣ್ಣೆ ಉಣಿಸುತ್ತಿದ್ದರು.
ಗಾಸ್ಪಾರ್ ಕೇಳಿದ: ಮದುವೆಗೆ ಮುಂಚೆ ನೀನು
ನಿನ್ನವಳನ್ನು ಎಷ್ಟು ಹೊತ್ತು ನೋಡಿದ್ದೆ?
ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು
ಶೀರಾದ ತಟ್ಟೆಯನ್ನೇ ನೋಡಿದ್ದೆ.
ಅವನು ಸುಮ್ಮನಿದ್ದ. ಉಳಿಯ ಸದ್ದು ನಿಂತು ಮತ್ತೆ ಶುರುವಾಯಿತು.
"ಧೈರ್ಯವಂತ ನೀನು. ನಾನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ,
ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ."
ಹಾಗೆ ಹೇಳುವಾಗ ಅವನ ಕೈ ಓದೀಲ್ ಕೊರಳ ಹಿಂದೆ
ಸ್ಕಾರ್ಫಿಗೆ ಸಿಕ್ಕಿದ ಕೂದಲನ್ನು ಎಳೆಎಳೆಯಾಗಿ ಬಿಡಿಸುತ್ತಿತ್ತು.
ಆ ಮಾತಿಗೂ ಆ ಕೈಗೂ
ಪರಿಚಯವೇ ಇದ್ದಂತಿರಲಿಲ್ಲ.

ನನ್ನ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ಕಿನೊಳಗೆ,
ಆ ಕಾಗದ ಇದೆ. ಕಾರ್ಕಳದ ಸಬ್ ರಿಜಿಸ್ಟ್ರಾರ್ ಸಹಿ,
ಬೆಂಗಳೂರಿನ ಮುದ್ರೆ, ದಿಲ್ಲಿಯ ಮುದ್ರೆ,
ರಾಯಭಾರ ಕಚೇರಿಯ ದುಂಡು ನೀಲಿ.
ಮದುವೆಯಾಗಿ ಹನ್ನೊಂದು ವರ್ಷ.
ರಜೆಯ ದಿನಗಳನ್ನು ಬೆರಳಲ್ಲಿ ಕೂಡಿಸಿದರೆ
ಹದಿಮೂರು ತಿಂಗಳ ಸಂಸಾರ.
ಫ್ಯಾಮಿಲಿ ವೀಸಾಕ್ಕೆ ಬೇಕಾದ ಸಂಬಳದ ಎದುರು ನಿಂತರೆ
ನಾನು ನಲವತ್ತು ರಿಯಾಲು ಗಿಡ್ಡ.

ಶುಕ್ರವಾರ ರಾತ್ರಿ ವಾರಿಜಾಗೆ
ಓದೀಲ್ ಅಂದದ್ದನ್ನೆಲ್ಲ ಹೇಳಿದೆ,
ಹುದ್ದೆ ಖಾಲಿ, ಅರ್ಜಿ, ಅನುಭವ.
ಆ ಕಡೆ ಸದ್ದಿಲ್ಲ.
ಹಿರಿಯಡ್ಕದ ಸೊಸೈಟಿಯಲ್ಲಿ ಕ್ಯಾಶಿಯರು ಅವಳು,
ಎಣಿಸಿ ಮುಗಿಯುವವರೆಗೆ ಬಾಯಿ ಬಿಡುವವಳಲ್ಲ.
ತಮಾಷೆ ಮಾರಾಯ್ತಿ, ಆ ಜನದ್ದು ಹಾಗೆ, ಅಂದೆ.
ಆಗ ಅವಳು:
"ನನಗೂ ಒಬ್ಬ ಇರಲಿ ಬಿಡಿ.
ಸಂಬಳ ಮಾತ್ರ ಮೊದಲೇ ಕೇಳಿ,
ನಿಮಗಿಂತ ನಲವತ್ತು ರಿಯಾಲು ಹೆಚ್ಚಿರಬೇಕು."

ನಗಲಿಲ್ಲ.
ಒಲೆಯ ಮೇಲೆ ಹಾಲಿದೆ ಅಂತ ಫೋನಿಟ್ಟಳು.

ಕತ್ತಲಲ್ಲಿ ಕೆಳತುಟಿ ಮುಂದೆ ಮಾಡಿ ನೋಡಿದೆ.
ಹೆಗಲೇರಿಸಲು ಎದ್ದು ಕೂತೆ.
ಮೇಲಿನ ಮಂಚ ನನ್ನದು;
ಸೂರು ತಲೆಗೆ ಬಡಿಯಿತು.